ನೈರೋಬಿಯ 60 ಎಸೆತ, ಗದಗಿನ ಒಂದು ರೈಲು

ಪ್ರತಿ ವರ್ಷ ಜನವರಿ ಮೊದಲ ವಾರ ನಮ್ಮ ನ್ಯೂಸ್‌ರೂಮಿನ ಫೀಡ್‌ಗೆ ಲಂಡನ್‌ನಿಂದ ಒಂದು ದೃಶ್ಯ ಬಂದು ಬೀಳುತ್ತೆ. ಅಲೆಕ್ಸಾಂಡ್ರಾ ಪ್ಯಾಲೇಸ್ ಅನ್ನೋ ದೊಡ್ಡ ಸಭಾಂಗಣ. ಸಾವಿರಾರು ಜನ, ಬಣ್ಣಬಣ್ಣದ ವೇಷ, ಕಿವಿ ಗುಂಯ್ ಅನ್ನುವ ಕೂಗು. ವೇದಿಕೆ ಮೇಲೆ ಒಬ್ಬ ಮನುಷ್ಯ ಸುಮ್ಮನೆ ನಿಂತು ಗೋಡೆ ಮೇಲಿನ ಒಂದು ಹಲಗೆಗೆ ಚಿಕ್ಕ ಬಾಣ ಎಸೀತಾನೆ. ಅಷ್ಟೇ. ಇದೇ ವಿಶ್ವ ಡಾರ್ಟ್ಸ್ ಚಾಂಪಿಯನ್‌ಶಿಪ್. 2025ರ ಜನವರಿ 3ರಂದು ಲ್ಯೂಕ್ ಲಿಟ್ಲರ್ ಅನ್ನೋ 17 ವರ್ಷದ ಹುಡುಗ ಫೈನಲ್‌ನಲ್ಲಿ ಮೈಕಲ್ ವಾನ್ ಗರ್ವೆನ್‌ನನ್ನು 7-3 ಸೆಟ್‌ಗಳಿಂದ ಸೋಲಿಸಿದ. ಬಹುಮಾನ 5 ಲಕ್ಷ ಪೌಂಡ್. ನಮ್ಮ ಲೆಕ್ಕದಲ್ಲಿ 5 ಕೋಟಿ ರೂಪಾಯಿಗೂ ಮಿಕ್ಕಿ.

ಸುದ್ದಿ ಓದಿ ಮುಗಿಸಿದ ಮೇಲೆ ಸ್ಟುಡಿಯೋದಲ್ಲಿ ಎಲ್ಲರೂ ನಗ್ತಾರೆ. "ಜಾತ್ರೆಯಲ್ಲಿ ಬಲೂನ್ ಒಡೆಯೋ ಆಟಕ್ಕೆ 5 ಕೋಟಿನಾ ಸಾರ್?" ಅಂತ ಕೇಳ್ತಾರೆ. ನಾನು ಎಂಜಿನಿಯರಿಂಗ್ ಓದಿದವನು, ನಗೋಕೆ ಮೊದಲು ಅಳತೆ ನೋಡೋದು ನನ್ನ ಚಾಳಿ. ಹಲಗೆಗೂ ಆಟಗಾರನಿಗೂ ನಡುವೆ 2.37 ಮೀಟರ್. ಹಲಗೆಯ ನಡುಕಣ್ಣು ನೆಲದಿಂದ 1.73 ಮೀಟರ್ ಎತ್ತರ, ಅದರ ಅಗಲ 13 ಮಿಲಿಮೀಟರೂ ಇಲ್ಲ. ಅತಿ ಹೆಚ್ಚು ಅಂಕ ಸಿಗೋದು 20ರ ಮೂರುಪಟ್ಟು ಪಟ್ಟಿಯಲ್ಲಿ. ಅದರ ದಪ್ಪ ಸುಮಾರು 8 ಮಿಲಿಮೀಟರ್. ತಮಾಷೆ ನೋಡಿ, ಆ 20ರ ಎಡಕ್ಕೆ 5, ಬಲಕ್ಕೆ 1. ದೊಡ್ಡ ಸಂಖ್ಯೆಯ ಪಕ್ಕದಲ್ಲೇ ಚಿಕ್ಕ ಸಂಖ್ಯೆಗಳನ್ನು ಕೂರಿಸಿದ್ದಾರೆ. ಕೈ ಕೂದಲೆಳೆಯಷ್ಟು ಅಲುಗಿತೋ, ಶಿಕ್ಷೆ ತಕ್ಷಣ. ಈ ಹಲಗೆ ಬಲಶಾಲಿಗೆ ಏನೂ ಕೊಡಲ್ಲ. ಒಂದೇ ಜಾಗಕ್ಕೆ, ಮತ್ತೆ ಮತ್ತೆ, ಅದೇ ರೀತಿ ಎಸೆಯಬಲ್ಲವನಿಗೆ ಮಾತ್ರ ಕೊಡುತ್ತೆ.

ಇದನ್ನು ಕೇಳಿದಾಗೆಲ್ಲ ನನಗೆ ಲಂಡನ್ ನೆನಪಾಗಲ್ಲ. ಗದಗ ನೆನಪಾಗುತ್ತೆ.

ಯಾಕೆ ಅಂದ್ರೆ ನಮ್ಮ ಗದಗಿನ ಒಬ್ಬ ಮನುಷ್ಯ ಒಂದು ಭಾನುವಾರ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಎಸೆದು, ಆ ಕಾಲದ ಜಗತ್ತಿನ ಅತಿ ಬಲಿಷ್ಠ ತಂಡಗಳಲ್ಲಿ ಒಂದನ್ನು ಕುಳಿತಲ್ಲೇ ಕೂರಿಸಿದ್ದ. ದಿನಾಂಕ 1999ರ ಸೆಪ್ಟೆಂಬರ್ 26. ಜಾಗ ಕೀನ್ಯಾ ದೇಶದ ನೈರೋಬಿ ಜಿಮ್ಖಾನಾ ಮೈದಾನ. ಟೂರ್ನಿಯ ಹೆಸರು ಎಲ್‌ಜಿ ಕಪ್. ಭಾರತ, ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಕೀನ್ಯಾ ನಾಲ್ಕು ತಂಡ. ಬೌಲರ್ ಹೆಸರು ಸುನಿಲ್ ಜೋಶಿ. ಎಡಗೈ ಸ್ಪಿನ್ನರ್. ಗದಗಿನಲ್ಲಿ ಹುಟ್ಟಿದ್ದು 1970ರ ಜೂನ್ 6ರಂದು.

ಆ ದಿನದ ಲೆಕ್ಕ ಇಷ್ಟು: 10 ಓವರ್, 6 ಮೇಡನ್, 6 ರನ್, 5 ವಿಕೆಟ್.

ಇನ್ನೊಮ್ಮೆ ನಿಧಾನಕ್ಕೆ ಓದಿ. 10 ಓವರ್ ಅಂದ್ರೆ 60 ಎಸೆತ. ಕೊಟ್ಟ ರನ್ 6. ಪ್ರತಿ ರನ್ನೂ ಒಂಟಿ ರನ್ನೇ ಅಂತ ಹಿಡಿದರೂ ಕನಿಷ್ಠ 54 ಎಸೆತಗಳಲ್ಲಿ ಒಂದೂ ರನ್ ಬಂದಿಲ್ಲ. ಆರು ಓವರ್ ಪೂರ್ತಿ ಖಾಲಿ. ಉಳಿದ ನಾಲ್ಕು ಓವರ್‌ಗಳಲ್ಲಿ ಒಟ್ಟು 6 ರನ್. ಪ್ರತಿ ಓವರ್‌ಗೆ ಸರಾಸರಿ 0.60. ವಿಕೆಟ್‌ಗಳ ಪಟ್ಟಿಯಲ್ಲಿ ಹರ್ಷೆಲ್ ಗಿಬ್ಸ್, ಹ್ಯಾನ್ಸಿ ಕ್ರೋನಿಯೆ, ಜಾಂಟಿ ರೋಡ್ಸ್ ಅಂಥವರು. ದಕ್ಷಿಣ ಆಫ್ರಿಕಾ 117 ರನ್‌ಗೆ ಆಲ್‌ಔಟ್. ಅಂದ್ರೆ ಉಳಿದ ಎಲ್ಲ ಬೌಲರ್‌ಗಳು, ಇತರೆ ರನ್ ಸೇರಿಸಿ 111, ನಮ್ಮವನದ್ದು 6. ಭಾರತ ಎರಡೇ ವಿಕೆಟ್ ಕಳೆದುಕೊಂಡು ಗೆದ್ದಿತು, 8 ವಿಕೆಟ್‌ಗಳ ಜಯ.

ಎದುರಾಳಿ ಸಾಮಾನ್ಯ ತಂಡವೇನಲ್ಲ. ಮೂರೇ ತಿಂಗಳ ಹಿಂದೆ, 1999ರ ಜೂನ್ 17ರಂದು ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿ ವಿಶ್ವಕಪ್ ಸೆಮಿಫೈನಲ್. ಆಸ್ಟ್ರೇಲಿಯಾ 213, ದಕ್ಷಿಣ ಆಫ್ರಿಕಾ 213. ಪಂದ್ಯ ಟೈ ಆಗಿ, ನಿಯಮದ ಲೆಕ್ಕದಲ್ಲಿ ಹೊರಬಿದ್ದ ತಂಡ ಅದು. ಅದೇ ವಿಶ್ವಕಪ್‌ನಲ್ಲಿ ಭಾರತವನ್ನು 4 ವಿಕೆಟ್‌ಗಳಿಂದ ಸೋಲಿಸಿತ್ತು. ಎಜ್‌ಬಾಸ್ಟನ್ ಅಂದ ಮೇಲೆ ಇನ್ನೊಂದು ಮಾತು. ಜೋಶಿ ಮೊದಲ ಟೆಸ್ಟ್ ಆಡಿದ್ದೂ ಅದೇ ಮೈದಾನದಲ್ಲಿ, 1996ರ ಜೂನ್‌ನಲ್ಲಿ, ನಮ್ಮ ವೆಂಕಟೇಶ್ ಪ್ರಸಾದ್ ಜೊತೆಗೇ ಪಾದಾರ್ಪಣೆ.

ಮೈದಾನದ ಬಗ್ಗೆಯೂ ತಿಳಿದುಕೊಳ್ಳಬೇಕು. ನೈರೋಬಿ ಸಮುದ್ರಮಟ್ಟದಿಂದ 1,600 ಮೀಟರ್‌ಗೂ ಹೆಚ್ಚು ಎತ್ತರದ ಊರು. ಗಾಳಿ ತೆಳು. ಹೊಡೆದ ಚೆಂಡು ಇನ್ನಷ್ಟು ದೂರ ಹೋಗುತ್ತೆ. ಅದಕ್ಕೆ ಸಾಕ್ಷಿ ಬೇಕಾ? ಇದೇ ಜಿಮ್ಖಾನಾದಲ್ಲಿ 1996ರ ಅಕ್ಟೋಬರ್ 4ರಂದು ಪಾಕಿಸ್ತಾನದ ಶಾಹಿದ್ ಅಫ್ರಿದಿ ಶ್ರೀಲಂಕಾ ವಿರುದ್ಧ 37 ಎಸೆತಕ್ಕೆ ಶತಕ ಹೊಡೆದ. ಆ ದಾಖಲೆ 2014ರ ಜನವರಿ 1ರವರೆಗೆ, ನ್ಯೂಜಿಲೆಂಡ್‌ನ ಕೋರಿ ಆಂಡರ್ಸನ್ 36 ಎಸೆತದಲ್ಲಿ ಮುರಿಯುವವರೆಗೆ, 17 ವರ್ಷ ನಿಂತಿತ್ತು.

ಈಗ ನಿಮ್ಮ ಮನೆಯ ಹುಡುಗನನ್ನೇ ಕೇಳಿ ನೋಡಿ. ಅಫ್ರಿದಿಯ 37 ಎಸೆತ ಗೊತ್ತಾ? ಗೊತ್ತು ಅಂತಾನೆ. ಅದೇ ಮೈದಾನದಲ್ಲಿ, ಮೂರು ವರ್ಷದ ನಂತರ, ನಮ್ಮ ಗದಗಿನವನ 60 ಎಸೆತ ಗೊತ್ತಾ? ಮುಖ ಮುಖ ನೋಡ್ತಾನೆ. ತಪ್ಪು ಹುಡುಗನದ್ದಲ್ಲ. ಚೆಂಡು ಛಾವಣಿ ದಾಟಿದರೆ ಟಿವಿ ಹತ್ತು ಸಲ ತೋರಿಸುತ್ತೆ. ಚೆಂಡು ಹೋಗಬೇಕಾದ ಜಾಗಕ್ಕೇ ಹೋಗಿ, ಬ್ಯಾಟ್ಸ್‌ಮನ್ ಸುಮ್ಮನೆ ತಡೆದು ನಿಂತರೆ ಅದನ್ನು ಯಾವ ಚಾನೆಲ್ ತೋರಿಸುತ್ತೆ? 54 ಸಲ ಏನೂ ಆಗದಿರೋದನ್ನು ಸುದ್ದಿ ಮಾಡೋದು ಹೇಗೆ ಅಂತ ನಮ್ಮ ಉದ್ಯಮ ಇನ್ನೂ ಕಲಿತಿಲ್ಲ.

ಏಕದಿನ ಕ್ರಿಕೆಟ್‌ನ ಇತಿಹಾಸದಲ್ಲಿ ಇಂಥ ಜಿಪುಣತನಕ್ಕೆ ಸಾಟಿಯಾಗುವ ಹೆಸರುಗಳು ಕೈಬೆರಳಲ್ಲಿ ಎಣಿಸುವಷ್ಟು. 1975ರ ಮೊದಲ ವಿಶ್ವಕಪ್‌ನಲ್ಲಿ, ಓವರ್‌ಗಳು ಹೆಚ್ಚಿದ್ದ ಕಾಲದಲ್ಲಿ, ಬಿಷನ್ ಸಿಂಗ್ ಬೇಡಿ 12 ಓವರ್‌ನಲ್ಲಿ 8 ಮೇಡನ್ ಮಾಡಿ 6 ರನ್‌ಗೆ 1 ವಿಕೆಟ್ ತೆಗೆದರು. ಎದುರಾಳಿ ಯಾರು? ಪೂರ್ವ ಆಫ್ರಿಕಾ. ಕೀನ್ಯಾ ಆಗ ಅದೇ ತಂಡದ ಭಾಗ. 1992ರ ಡಿಸೆಂಬರ್‌ನಲ್ಲಿ ಸಿಡ್ನಿಯಲ್ಲಿ ವೆಸ್ಟ್ ಇಂಡೀಸ್‌ನ ಫಿಲ್ ಸಿಮನ್ಸ್ ಪಾಕಿಸ್ತಾನದ ವಿರುದ್ಧ 10 ಓವರ್‌ನಲ್ಲಿ 3 ರನ್‌ಗೆ 4 ವಿಕೆಟ್. ಇವೆರಡೂ ಜೋಶಿಯವರ ಓವರ್ ಸರಾಸರಿಗಿಂತ ಕಡಿಮೆ, ನಿಜ. ಆದರೆ ಬೇಡಿಗೆ ಸಿಕ್ಕಿದ್ದು ಒಂದು ವಿಕೆಟ್, ಸಿಮನ್ಸ್‌ಗೆ ನಾಲ್ಕು. ನಮ್ಮವರಿಗೆ ಐದು. ಜಿಪುಣತನವೂ ಇರಬೇಕು, ಸಂಹಾರವೂ ಆಗಬೇಕು ಅಂದ್ರೆ ನೈರೋಬಿಯ ಆ ಭಾನುವಾರವನ್ನೇ ತೆಗೆದು ನೋಡಬೇಕು.

ಸರಿ, ಈ ಕೈ ತಯಾರಾದದ್ದು ಎಲ್ಲಿ?

ಈ ಕಥೆಯನ್ನು ಕ್ರಿಕೆಟ್ ಬರಹಗಾರರು ಹಲವು ಸಲ ಬರೆದಿದ್ದಾರೆ. ಹುಡುಗನಾಗಿದ್ದಾಗ ಸುನಿಲ್ ಜೋಶಿ ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಹೋಗೋದು, ಅಲ್ಲಿ ಅಭ್ಯಾಸ ಮಾಡೋದು, ಮತ್ತೆ ಗದಗಿಗೆ ಬಂದು ಶಾಲೆಗೆ ಹೋಗೋದು. ಒಂದು ದಿಕ್ಕಿಗೆ ಸುಮಾರು 60 ಕಿಲೋಮೀಟರ್. ಹೋಗಿ ಬರೋದು 120. ಈ ಕಥೆ ಹೇಳುವಾಗ ಎಲ್ಲರೂ ಹುಡುಗನ ಛಲದ ಬಗ್ಗೆ ಹೇಳ್ತಾರೆ. ಹೇಳಲೇಬೇಕು. ಆದರೆ ನನ್ನ ಕಣ್ಣು ಹೋಗೋದು ಆ ಹಳಿಗಳ ಮೇಲೆ. ಹಳಿ ಅಲ್ಲಿ ಯಾಕಿತ್ತು?

ಇದಕ್ಕೆ ಉತ್ತರ 1876ರಲ್ಲಿದೆ. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮ ಧಾರವಾಡ, ಕಲಾದಗಿ ಸೀಮೆಯನ್ನು ಬಿಡಲಿಲ್ಲ. ಜನ ಸತ್ತರು, ದನ ಸತ್ತವು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸೋಕೆ ದಾರಿ ಇರಲಿಲ್ಲ. ಆಮೇಲೆ ಬ್ರಿಟಿಷ್ ಸರ್ಕಾರ ಕ್ಷಾಮ ನಿವಾರಣೆಯ ಹೆಸರಲ್ಲಿ ರೈಲು ಹಾಕಿಸಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಮೀಟರ್ ಗೇಜ್ ಹಳಿ ಬಂದದ್ದು 1884ರ ಹೊತ್ತಿಗೆ. ಅದೇ ದಶಕದಲ್ಲಿ ಹುಬ್ಬಳ್ಳಿ, ಬಳ್ಳಾರಿ ದಿಕ್ಕಿಗೂ ಹಳಿ ಹೋಯಿತು. ಗದಗ ಜಂಕ್ಷನ್ ಆಯಿತು. ಹತ್ತಿಯ ವ್ಯಾಪಾರ ಬೆಳೆಯಿತು, ಬೆಟಗೇರಿಯ ನೇಕಾರಿಕೆಗೆ ಮಾರುಕಟ್ಟೆ ಸಿಕ್ಕಿತು. ಹಸಿವಿಗೆ ಅಂತ ಹಾಕಿದ ಹಳಿ, ನೂರು ವರ್ಷದ ನಂತರ ಒಬ್ಬ ಹುಡುಗನನ್ನು ನೆಟ್ ಪ್ರಾಕ್ಟೀಸ್‌ಗೆ ಕರ್ಕೊಂಡು ಹೋಯಿತು.

ಈಗ ಭೂಪಟದಲ್ಲಿ ಅರಬ್ಬಿ ಸಮುದ್ರ ದಾಟಿ. ನೈರೋಬಿ ಅನ್ನೋ ಊರು ಹುಟ್ಟಿದ್ದೇ ರೈಲಿನಿಂದ. ಮೊಂಬಾಸಾ ಬಂದರಿನಿಂದ ಒಳನಾಡಿಗೆ ಬ್ರಿಟಿಷರು 1896ರಲ್ಲಿ ಉಗಾಂಡಾ ರೈಲ್ವೆ ಹಾಕಲು ಶುರು ಮಾಡಿದರು. 1899ರಲ್ಲಿ ಹಳಿ ಒಂದು ಜೌಗು ಬಯಲಿಗೆ ಬಂತು, ಅಲ್ಲಿ ಡಿಪೋ ಕಟ್ಟಿದರು, ಅದೇ ನೈರೋಬಿ. ಅದೂ ಮೀಟರ್ ಗೇಜ್. ಹಾಕಿದವರು ಯಾರು? ಭಾರತದಿಂದ ಹಡಗಿನಲ್ಲಿ ಸಾಗಿಸಿದ ಸುಮಾರು 32,000 ಕೂಲಿಕಾರರು. ಅವರಲ್ಲಿ ಸುಮಾರು 2,500 ಜನ ಅಲ್ಲೇ ಸತ್ತರು. ಉಳಿದವರಲ್ಲಿ ಕೆಲವರು ಅಲ್ಲೇ ನೆಲೆ ನಿಂತರು, ಹಿಂದೆಯೇ ಗುಜರಾತಿ, ಪಂಜಾಬಿ ವ್ಯಾಪಾರಿಗಳು ಹೋದರು. ನಮ್ಮವರು ಎಲ್ಲಿ ಹೋದರೂ ಎರಡು ಕಟ್ತಾರೆ ನೋಡಿ, ಒಂದು ಗುಡಿ, ಇನ್ನೊಂದು ಕ್ರಿಕೆಟ್ ಮೈದಾನ. ಜಿಮ್ಖಾನಾ ಅನ್ನೋ ಮಾತೇ ಭಾರತದಿಂದ ಹೋದದ್ದು. ಹುಬ್ಬಳ್ಳಿಯವರಿಗೂ ಬೆಳಗಾವಿಯವರಿಗೂ ಆ ಶಬ್ದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ 1999ರಲ್ಲಿ, ನೈರೋಬಿಗೆ ನೂರು ತುಂಬಿದ ವರ್ಷದಲ್ಲೇ, ಒಂದು ಮೀಟರ್ ಗೇಜ್ ಊರಿನ ಹುಡುಗ ಇನ್ನೊಂದು ಮೀಟರ್ ಗೇಜ್ ಊರಿಗೆ ಹೋಗಿ ಚೆಂಡು ಎಸೆದ. ಎರಡೂ ಊರುಗಳಿಗೆ ಹಳಿ ಹಾಕಿಸಿದ್ದು ಒಂದೇ ಸಾಮ್ರಾಜ್ಯ, ತನ್ನ ಲಾಭಕ್ಕೆ, ತನ್ನ ಲೆಕ್ಕಕ್ಕೆ. ಕ್ರಿಕೆಟ್ ಕೂಡ ಅದೇ ಸಾಮ್ರಾಜ್ಯದ ಸಾಮಾನು. ಆ ಸಾಮಾನನ್ನು ನಮ್ಮ ಜನ ಹೇಗೆ ತಮ್ಮದು ಮಾಡಿಕೊಂಡರು ಅನ್ನೋದೇ ಇಪ್ಪತ್ತನೇ ಶತಮಾನದ ಕಥೆ.

ಗದಗ ಸ್ಟೇಷನ್ ಅಂದ ಮೇಲೆ ಇನ್ನೊಬ್ಬ ಜೋಶಿಯವರನ್ನು ಬಿಟ್ಟರೆ ತಪ್ಪಾಗುತ್ತೆ. ರೋಣದಲ್ಲಿ 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿ, 1933ರಲ್ಲಿ, 11ನೇ ವಯಸ್ಸಿಗೆ ಮನೆ ಬಿಟ್ಟು ಓಡಿಹೋದರು. ಗುರು ಬೇಕಿತ್ತು. ಟಿಕೆಟ್ ಇಲ್ಲ, ದುಡ್ಡಿಲ್ಲ, ರೈಲಿತ್ತು. ಹಾಡಿಕೊಂಡು, ಬೈಸಿಕೊಂಡು ಗ್ವಾಲಿಯರ್‌ವರೆಗೂ ಹೋಗಿ ಬಂದರು. ಕೊನೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಇಬ್ಬರು ಜೋಶಿಗಳು, ಎರಡು ಪೀಳಿಗೆ, ಒಂದೇ ಸ್ಟೇಷನ್. ಒಬ್ಬರು ಸ್ವರವನ್ನು ಅದರ ಜಾಗದಲ್ಲಿ ಕೂರಿಸಿದರು, ಇನ್ನೊಬ್ಬರು ಚೆಂಡನ್ನು. ಅಭ್ಯಾಸದ ವಿಧಾನ ಮಾತ್ರ ಎರಡಕ್ಕೂ ಒಂದೇ: ಸಾವಿರ ಸಲ ಮಾಡು, ಆಮೇಲೆ ಮಾತಾಡು.

ಇಲ್ಲಿ ನಾನು ಒಂದು ಕಟು ಪ್ರಶ್ನೆ ಕೇಳಬೇಕು. ಅದೇ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಅದೇ ಕಾಲದಲ್ಲಿ ಅಂಥ ಕೈ ಇರುವ ಹುಡುಗ ಇರಲೇ ಇಲ್ವಾ?

ಈ ಮೂರೂ ಊರುಗಳು ಸಣ್ಣ ಊರುಗಳಲ್ಲ. ಲಕ್ಷ್ಮೇಶ್ವರ ಅಂದ್ರೆ ಹಳೆಯ ಪುಲಿಗೆರೆ, ಆದಿಕವಿ ಪಂಪ ತನ್ನ ಕನ್ನಡಕ್ಕೆ ಮಾದರಿ ಅಂತ ಹೇಳಿಕೊಂಡ ಊರು. ಸೋಮೇಶ್ವರ ಗುಡಿಯೂ ಇದೆ, ದೂದಪೀರಾಂ ದರ್ಗಾವೂ ಇದೆ. ಶಿರಹಟ್ಟಿ ಅಂದ್ರೆ ಹಿಂದೂ ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಫಕ್ಕೀರೇಶ್ವರ ಮಠ. ಮುಂಡರಗಿ ಅಂದ್ರೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ ಭೀಮರಾಯನ ಊರು. ಇತಿಹಾಸಕ್ಕೆ ಕೊರತೆ ಇಲ್ಲ. ಕೊರತೆ ಇರೋದು ಹಳಿಗೆ. ಈ ಮೂರು ಊರಿಗೂ ರೈಲು ನಿಲ್ದಾಣ ಇಲ್ಲ. ಗದಗದಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ರೈಲು ಹಾಕಿ ಅನ್ನೋ ಬೇಡಿಕೆ ನಾನು ಈ ಕೆಲಸಕ್ಕೆ ಸೇರುವ ಎಷ್ಟೋ ಮೊದಲಿನಿಂದ ಇದೆ.

ಸ್ವಲ್ಪ ಲೆಕ್ಕ ಹಾಕಿ. 1980ರ ದಶಕ. ಮುಂಡರಗಿಯ ಒಬ್ಬ ಹುಡುಗನಿಗೆ ಜೋಶಿಯಷ್ಟೇ ಛಲ, ಅಷ್ಟೇ ಕೈಚಳಕ ಇದೆ ಅಂದ್ಕೊಳ್ಳಿ. ಅವನು ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮಾಡಿ, ಶಾಲೆಯ ಗಂಟೆ ಹೊಡೆಯೋದರೊಳಗೆ ವಾಪಸ್ ಬರಬೇಕು. ಮೊದಲು ಗದಗಿಗೆ ಬಸ್. ಅಲ್ಲಿಂದ ರೈಲು. ವಾಪಸ್ ಬರುವಾಗ ಮತ್ತೆ ಅದೇ. ಆಗಲ್ಲ. ದಿನಕ್ಕೆ 24 ಗಂಟೆ ಅವನಿಗೆ ಸಾಲಲ್ಲ. ಅವನು ಎಷ್ಟೇ ಒಳ್ಳೆಯವನಾದರೂ ಊರ ಬಯಲಿನಲ್ಲೇ ಆಡ್ತಾನೆ, ಒಂದು ವಯಸ್ಸಿಗೆ ಬಿಡ್ತಾನೆ. ಜೋಶಿಯವರ ಸಾಧನೆ ಇದರಿಂದ ಒಂದಿಂಚೂ ಕಡಿಮೆ ಆಗಲ್ಲ. ಆ ರೈಲು ಊರಿನ ಸಾವಿರಾರು ಹುಡುಗರ ಮುಂದೆ ಪ್ರತಿ ದಿನ ಹೋಗ್ತಿತ್ತು, ಹತ್ತಿದವನು ಅವರು. ಆದರೆ ಹತ್ತೋಕೆ ಒಂದು ರೈಲು ಇತ್ತು ಅನ್ನೋದೂ ಅಷ್ಟೇ ಸತ್ಯ. ಪ್ರತಿಭೆಯ ಬಗ್ಗೆ ಭಾಷಣ ಮಾಡುವಾಗ ನಾವು ಅರ್ಧ ಸತ್ಯ ಮಾತ್ರ ಹೇಳ್ತೀವಿ.

ಈಗ ಟೂರ್ನಿಯ ಫಲಿತಾಂಶಕ್ಕೆ ಬರೋಣ. 1999ರ ಅಕ್ಟೋಬರ್ 3, ಮತ್ತೆ ಭಾನುವಾರ, ಮತ್ತೆ ಅದೇ ನೈರೋಬಿ, ಫೈನಲ್. ಎದುರಾಳಿ ಅದೇ ದಕ್ಷಿಣ ಆಫ್ರಿಕಾ. ವಾರದ ಹಿಂದೆ 117ಕ್ಕೆ ಮಣ್ಣು ಮುಕ್ಕಿದ್ದ ತಂಡ. ಗೆದ್ದದ್ದು ಯಾರು ಗೊತ್ತಾ? ದಕ್ಷಿಣ ಆಫ್ರಿಕಾ. 26 ರನ್‌ಗಳಿಂದ. ಕಪ್ ಅವರದ್ದಾಯಿತು.

ಸರಣಿ ಶ್ರೇಷ್ಠ ಮಾತ್ರ ನಮ್ಮವನೇ. ಬೆಂಗಳೂರಿನ ವಿಜಯ್ ಭಾರದ್ವಾಜ್, ಕನ್ನಡಕ ಹಾಕಿಕೊಂಡು ಆಫ್ ಸ್ಪಿನ್ ಮಾಡ್ತಿದ್ದ ಹುಡುಗ. ಭಾರತಕ್ಕೆ ಆಡಿದ ಮೊದಲ ಸರಣಿಯಲ್ಲೇ 10 ವಿಕೆಟ್ ಕಿತ್ತು ಆ ಬಹುಮಾನ ಪಡೆದರು. ಒಂದು ಟೂರ್ನಿಯ ಅತ್ಯುತ್ತಮ ಬೌಲಿಂಗ್ ಗದಗಿನವರದ್ದು, ಸರಣಿ ಶ್ರೇಷ್ಠ ಬೆಂಗಳೂರಿನವರದ್ದು, ಇಬ್ಬರೂ ಒಂದೇ ರಾಜ್ಯ ತಂಡದವರು. ಅದು ಕರ್ನಾಟಕ ಕ್ರಿಕೆಟ್‌ನ ಸುವರ್ಣ ಕಾಲ. 1995-96, 1997-98, 1998-99 ಮೂರು ಸಲ ರಣಜಿ ಟ್ರೋಫಿ ನಮ್ಮದು. ಶ್ರೀನಾಥ್, ಕುಂಬ್ಳೆ, ಪ್ರಸಾದ್, ದ್ರಾವಿಡ್ ಇದ್ದ ಕಾಲ. ಶ್ರೀನಾಥ್, ಕುಂಬ್ಳೆ ಇಬ್ಬರೂ ಎಂಜಿನಿಯರಿಂಗ್ ಮಾಡಿದವರು ಅಂತ ನಮ್ಮ ಕಾಲೇಜುಗಳಲ್ಲಿ ಮೇಷ್ಟ್ರುಗಳು ಉದಾಹರಣೆ ಕೊಡೋರು. 1995-96ರ ಒಂದೇ ರಣಜಿ ಋತುವಿನಲ್ಲಿ ಜೋಶಿ 52 ವಿಕೆಟ್ ತೆಗೆದು 529 ರನ್ನೂ ಹೊಡೆದಿದ್ದರು. ಅಂಥವರು ಕೂಡ ಭಾರತ ತಂಡದಲ್ಲಿ ಜಾಗಕ್ಕೆ ಕಾಯಬೇಕಿತ್ತು. ಭಾರದ್ವಾಜ್‌ಗೆ ಸಿಕ್ಕಿದ್ದು ಒಟ್ಟು 3 ಟೆಸ್ಟ್, 10 ಏಕದಿನ ಪಂದ್ಯ. ಸರಣಿ ಶ್ರೇಷ್ಠನಾದವನ ಪೂರ್ತಿ ಏಕದಿನ ಬದುಕು ಹತ್ತೇ ಪಂದ್ಯ!

ಆದ್ದರಿಂದ ಫಲಿತಾಂಶದ ಪಟ್ಟಿ ಅನ್ನೋದನ್ನು ಹುಷಾರಾಗಿ ಓದಬೇಕು. "ಎಲ್‌ಜಿ ಕಪ್ 1999: ವಿಜೇತರು ದಕ್ಷಿಣ ಆಫ್ರಿಕಾ, ರನ್ನರ್ ಅಪ್ ಭಾರತ" ಅಂತ ಒಂದು ಸಾಲು ಸಿಗುತ್ತೆ. ಸಾಲು ಸುಳ್ಳಲ್ಲ. ಆದರೆ ಆ ಟೂರ್ನಿಯಲ್ಲಿ ನಡೆದ ಅತಿ ದೊಡ್ಡ ಘಟನೆ ಆ ಸಾಲಿನಲ್ಲಿ ಇಲ್ಲ. ಡಾರ್ಟ್ಸ್‌ನಲ್ಲಿ 501ರಿಂದ ಕಳೆಯುತ್ತಾ ಬಂದು ಸರಿಯಾಗಿ ಸೊನ್ನೆಗೆ ಮುಗಿಸಬೇಕು. 180 ಎಷ್ಟು ಸಲ ಹೊಡೆದೆ ಅನ್ನೋದು ಮುಖ್ಯ ಅಲ್ಲ, ಕೊನೆಯ ಬಾಣ ಎಲ್ಲಿ ಬಿತ್ತು ಅನ್ನೋದೇ ಲೆಕ್ಕ. ಕಪ್‌ಗಳ ಇತಿಹಾಸವೂ ಹಾಗೇ. ಜನರ ಇತಿಹಾಸ ಹಾಗಿರಬೇಕಾಗಿಲ್ಲ.

ಯಾಕೆ ಮರೆತೆವು? ಮೂರು ಕಾರಣ ನನಗೆ ಕಾಣುತ್ತೆ.

ಮೊದಲನೆಯದು, ಟೂರ್ನಿಗಳ ಜಾತ್ರೆ. 1990ರ ದಶಕದಲ್ಲಿ ಸ್ಯಾಟಲೈಟ್ ಟಿವಿ ಬಂತು. ಜಾಹೀರಾತಿಗೆ ಕ್ರಿಕೆಟ್ ಬೇಕಿತ್ತು. ಶಾರ್ಜಾ, ಸಿಂಗಾಪುರ, ಟೊರಾಂಟೊ, ನೈರೋಬಿ ಎಲ್ಲೆಂದರಲ್ಲಿ ಕಪ್. ಟಿವಿ, ಫ್ರಿಜ್, ತಂಪು ಪಾನೀಯ ಕಂಪನಿಗಳ ಹೆಸರೇ ಟೂರ್ನಿಯ ಹೆಸರು. 1999ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಭಾರತ ತಂಡ ಸಿಂಗಾಪುರ, ಟೊರಾಂಟೊ, ನೈರೋಬಿ ಮೂರು ಖಂಡ ಸುತ್ತಿತು. ಮೂರು ಹೊತ್ತೂ ಹೋಳಿಗೆ ಬಡಿಸಿದರೆ ಯಾವ ಹೋಳಿಗೆ ಚೆನ್ನಾಗಿತ್ತು ಅಂತ ಯಾರಿಗೆ ನೆನಪಿರುತ್ತೆ?

ಎರಡನೆಯದು, ಚುನಾವಣೆ. ಕಾರ್ಗಿಲ್ ಯುದ್ಧ ಮುಗಿದು ಎರಡು ತಿಂಗಳು. ಸೆಪ್ಟೆಂಬರ್‌ನಿಂದ ಅಕ್ಟೋಬರ್ 3ರವರೆಗೆ ಲೋಕಸಭೆಗೆ ಮತದಾನ, ಕರ್ನಾಟಕದಲ್ಲಿ ವಿಧಾನಸಭೆಗೂ ಜೊತೆಗೇ. ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ವಿರುದ್ಧ ಸುಷ್ಮಾ ಸ್ವರಾಜ್. ದೇಶದ ಕ್ಯಾಮೆರಾಗಳೆಲ್ಲ ಬಳ್ಳಾರಿಯಲ್ಲಿ. ಹುಬ್ಬಳ್ಳಿಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿ ಗದಗದ ಮೇಲೇ ಹೋಗುತ್ತೆ. ಗದಗಿನವನು ಆಫ್ರಿಕಾದಲ್ಲಿ ಚರಿತ್ರೆ ಬರೆದ ತಿಂಗಳಲ್ಲಿ ಸುದ್ದಿ ಗದಗವನ್ನು ಹಾದು ಮುಂದಕ್ಕೆ ಹೋಯಿತು. ಅಕ್ಟೋಬರ್ 6ಕ್ಕೆ ಮತ ಎಣಿಕೆ. ಫೈನಲ್ ಮುಗಿದು ಮೂರೇ ದಿನ. ಮುಂದಿನ ವಾರ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. ಎಲ್‌ಜಿ ಕಪ್ ಯಾರಿಗೆ ಬೇಕು?

ಮೂರನೆಯದು ನೋವಿನ ಕಾರಣ. 2000ದ ಏಪ್ರಿಲ್ 7ರಂದು ದೆಹಲಿ ಪೊಲೀಸರು ಕ್ರೋನಿಯೆ ಮೇಲೆ ಮ್ಯಾಚ್ ಫಿಕ್ಸಿಂಗ್ ಆರೋಪ ಹೊರಿಸಿದರು. ಆಮೇಲೆ ಆಜೀವ ನಿಷೇಧ. ಗಿಬ್ಸ್‌ಗೆ ಆರು ತಿಂಗಳು. ಡಿಸೆಂಬರ್‌ನಲ್ಲಿ ನಮ್ಮ ಅಜರುದ್ದೀನ್‌ಗೂ ಆಜೀವ ನಿಷೇಧ, ಅಜಯ್ ಜಡೇಜಾಗೆ ಐದು ವರ್ಷ. ನೈರೋಬಿಯ ಪಂದ್ಯದ ಬಗ್ಗೆ ನಾನು ಯಾವ ಅನುಮಾನವನ್ನೂ ಇಲ್ಲಿ ಹುಟ್ಟು ಹಾಕ್ತಿಲ್ಲ. ಹೇಳ್ತಿರೋದು ಜನರ ಮನಸ್ಸಿನ ಬಗ್ಗೆ. ಒಂದು ಕಾಲಕ್ಕೆ ಮಸಿ ಬಿದ್ದರೆ ಆ ಕಾಲದ ಆಲ್ಬಮ್ ಅನ್ನೇ ಜನ ಅಟ್ಟಕ್ಕೆ ಹಾಕ್ತಾರೆ. ಅದರಲ್ಲಿ ಪ್ರಾಮಾಣಿಕವಾಗಿ ಬೆವರು ಸುರಿಸಿದವನ ಫೋಟೋ ಕೂಡ ಹೋಗುತ್ತೆ. ಭ್ರಷ್ಟನ ಪಾಪದಲ್ಲಿ ಮೊದಲು ಕಳೆದುಹೋಗೋದು ಶ್ರಮಿಕನ ಲೆಕ್ಕ. ಇದು ಕ್ರಿಕೆಟ್‌ಗೆ ಮಾತ್ರ ಹೇಳಿದ ಮಾತಲ್ಲ, ಯಾವ ಇಲಾಖೆಗೆ ಬೇಕಾದರೂ ಅನ್ವಯಿಸಿ.

ಜೋಶಿ ಅಲ್ಲಿಗೆ ಮುಗಿಯಲಿಲ್ಲ. 2000ದ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಚರಿತ್ರೆಯ ಮೊದಲ ಟೆಸ್ಟ್. ಸೌರವ್ ಗಂಗೂಲಿ ಟೆಸ್ಟ್ ನಾಯಕನಾಗಿ ಆಡಿದ ಮೊದಲ ಪಂದ್ಯವೂ ಅದೇ. ಬಾಂಗ್ಲಾ ಮೊದಲ ಇನಿಂಗ್ಸ್‌ನಲ್ಲಿ 400 ಹೊಡೆದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಜೋಶಿ 142 ರನ್ ಕೊಟ್ಟು 5 ವಿಕೆಟ್ ತೆಗೆದರು, ಬ್ಯಾಟಿಂಗ್‌ನಲ್ಲಿ 92 ಹೊಡೆದರು, ಎರಡನೇ ಇನಿಂಗ್ಸ್‌ನಲ್ಲಿ ಮತ್ತೆ 3 ವಿಕೆಟ್. ಬಾಂಗ್ಲಾ 91ಕ್ಕೆ ಕುಸಿಯಿತು, ಭಾರತ 9 ವಿಕೆಟ್‌ಗಳಿಂದ ಗೆದ್ದಿತು, ಪಂದ್ಯ ಶ್ರೇಷ್ಠ ಸುನಿಲ್ ಜೋಶಿ. ಅದಾಗಿ ಕೆಲವೇ ತಿಂಗಳಲ್ಲಿ, 2001ರಲ್ಲಿ, ಅವರ ಅಂತರರಾಷ್ಟ್ರೀಯ ಬದುಕೇ ಮುಗಿಯಿತು. ಒಟ್ಟು 15 ಟೆಸ್ಟ್, 41 ವಿಕೆಟ್. 69 ಏಕದಿನ, 69 ವಿಕೆಟ್. ಅವರು ಮಾತ್ರ ಚೆಂಡು ಕೆಳಗಿಡಲಿಲ್ಲ. ಪ್ರಥಮ ದರ್ಜೆಯಲ್ಲಿ 160 ಪಂದ್ಯ, 615 ವಿಕೆಟ್, 5 ಸಾವಿರಕ್ಕೂ ಹೆಚ್ಚು ರನ್. ಆಮೇಲೆ ಕೋಚ್. ಬಾಂಗ್ಲಾದೇಶ ತಂಡಕ್ಕೇ ಸ್ಪಿನ್ ಪಾಠ ಹೇಳಿಕೊಟ್ಟರು. 2020ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಶಾಲೆಗೆ ಮೊದಲು 60 ಕಿಲೋಮೀಟರ್ ಹೋಗಿ ಬರ್ತಿದ್ದ ಹುಡುಗ, ಭಾರತಕ್ಕೆ ಯಾರು ಆಡಬೇಕು ಅಂತ ನಿರ್ಧರಿಸುವ ಕುರ್ಚಿಯಲ್ಲಿ ಕೂತರು.

ಈ ಕಥೆಯನ್ನು ಇವತ್ತು ಯಾಕೆ ಹೇಳಿದೆ?

ಇಂದಿಗೂ ಗದಗ ಜಿಲ್ಲೆಯಲ್ಲಿ ಟೂರ್ನಿಗಳಿಗೆ ಬರ ಇಲ್ಲ. ಹಬ್ಬ ಬಂತು ಅಂದ್ರೆ ಶಿರಹಟ್ಟಿಯಲ್ಲೋ ಲಕ್ಷ್ಮೇಶ್ವರದಲ್ಲೋ ಟೆನಿಸ್ ಬಾಲ್ ಕ್ರಿಕೆಟ್, ಕಬಡ್ಡಿ, ವಾಲಿಬಾಲ್. ಬ್ಯಾನರ್ ಮೇಲೆ ಹದಿನೈದು ಮುಖಂಡರ ಮುಖ, ಕೆಳಗೆ ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಮೈಕಿನಲ್ಲಿ ಕಾಮೆಂಟರಿ, ರಾತ್ರಿ ಫ್ಲಡ್‌ಲೈಟ್. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಹುಮಾನ ಕೊಟ್ಟವರ ಹೆಸರು ಇರುತ್ತೆ. ಪಡೆದವರ ಹೆಸರು "ಮತ್ತಿತರರು" ಅನ್ನೋದರೊಳಗೆ ಕೂತಿರುತ್ತೆ. ಯಾರು ಎಷ್ಟು ಓವರ್ ಹಾಕಿದ, ಎಷ್ಟು ರನ್ ಕೊಟ್ಟ ಅನ್ನೋ ಹಾಳೆ ಪಂದ್ಯ ಮುಗಿದ ರಾತ್ರಿಯೇ ಮಿರ್ಚಿ ಭಜಿ ಕಟ್ಟೋಕೆ ಹೋಗುತ್ತೆ.

ಆ ಹಾಳೆ ಇಲ್ಲದಿದ್ದರೆ ಹುಡುಗ ಇಲ್ಲ. ನೈರೋಬಿಯಲ್ಲಿ ಸ್ಕೋರರ್ ಒಬ್ಬ 60 ಎಸೆತವನ್ನೂ ಚುಕ್ಕಿ ಚುಕ್ಕಿಯಾಗಿ ಬರೆದಿಟ್ಟ. ಅದಕ್ಕೇ ಇವತ್ತು ನಾನು ನಿಮಗೆ 10-6-6-5 ಅಂತ ಹೇಳೋಕೆ ಆಯ್ತು. ಡಾರ್ಟ್ಸ್‌ನಲ್ಲಿ ಬಾಣ ನೆಟ್ಟ ತೂತು ಮುಚ್ಚಿಹೋಗುತ್ತೆ, ಬರೆದ ಅಂಕಿ ಉಳಿಯುತ್ತೆ. ಲಂಡನ್‌ನವರು ಬಲೂನ್ ಒಡೆಯೋ ಆಟದಂಥ ಆಟಕ್ಕೆ ಪ್ರತಿ ಬಾಣದ ದಾಖಲೆ ಇಡ್ತಾರೆ. ಆದ್ದರಿಂದಲೇ 17 ವರ್ಷದ ಹುಡುಗ ಎಲ್ಲಿದ್ದರೂ ಅವರ ಕಣ್ಣಿಗೆ ಬೀಳ್ತಾನೆ.

ಹಳಿ ಹಾಕೋದು ಸರ್ಕಾರದ ಕೆಲಸ, ಅದಕ್ಕೆ ಸಾವಿರ ಕೋಟಿ ಬೇಕು, ಕಾಯೋಣ, ಕೇಳ್ತಾನೇ ಇರೋಣ. ಪ್ರತಿ ತಾಲ್ಲೂಕಿಗೆ ಒಂದು ಒಳ್ಳೆಯ ಪಿಚ್, ಬೆಳಗ್ಗೆ ಬಂದು ನಿಲ್ಲುವ ಒಬ್ಬ ಕೋಚ್, ಇದಕ್ಕೆ ಅಷ್ಟು ಬೇಕಿಲ್ಲ. ಮುಂಡರಗಿಯ ಹುಡುಗ 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗೋ ಬದಲು ಪಿಚ್ಚೇ ಮುಂಡರಗಿಗೆ ಬರಲಿ. ಇನ್ನು ಸ್ಕೋರ್‌ಶೀಟ್ ಇಡೋಕೆ ಬೇಕಾಗಿರೋದು ಒಂದು ನೋಟ್‌ಬುಕ್, ಒಂದು ಪೆನ್ನು. ಟೂರ್ನಿ ಆಯೋಜಕರೇ, ಮುಂದಿನ ಸಲ ಬ್ಯಾನರ್‌ನಲ್ಲಿ ಒಂದು ಮುಖ ಕಡಿಮೆ ಮಾಡಿ, ಆ ದುಡ್ಡಲ್ಲಿ ಒಬ್ಬ ಸ್ಕೋರರ್‌ನ ಕೂರಿಸಿ. ನಿಮ್ಮ ಊರ ಬಯಲಿನಲ್ಲಿ ಯಾವನೋ ಒಬ್ಬ ಎಡಗೈ ಹುಡುಗ 54 ಎಸೆತ ಖಾಲಿ ಹಾಕಿದ್ದರೆ, ಅದು ಎಲ್ಲಾದರೂ ಬರೆದಿರಲಿ.